ಜರ್ಮನಿಯಲ್ಲಿ ಡೀಲರ್ ಹತ್ತಿರ ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಅನುಭವ: ಕಾಗದಪತ್ರ, ಕಾಯುವಿಕೆ, ಗೇರ್‌ಬಾಕ್ಸ್

ಜರ್ಮನಿಗೆ ಬಂದು ನೆಲೆಸಿರುವ ನಮ್ಮವರಲ್ಲಿ ಬಹಳ ಜನ ಮೊದಲ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲೇ ಕೊಳ್ಳುತ್ತಾರೆ. ನಾವೂ ಹಾಗೇ ಕೊಂಡೆವು. ಕೊಳ್ಳುವಾಗ ಕಾಗದಪತ್ರದ ತೊಂದರೆ, ಕೊಂಡ ಮೇಲೆ ಗೇರ್‌ಬಾಕ್ಸ್ ತೊಂದರೆ, ಎರಡೂ ಬಂದವು. ಈಗ ಎಲ್ಲ ಬಗೆಹರಿದಿದೆ. ರಿಪೇರಿಗೆ ನಮ್ಮ ಕೈಯಿಂದ ಒಂದು ಯೂರೋ ಕೂಡ ಹೋಗಲಿಲ್ಲ. ಆದರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ನಾನು, ನನ್ನ ಗಂಡ ಇಬ್ಬರೂ ಸೋತು ಸುಣ್ಣವಾಗಿದ್ದೆವು. ಇಲ್ಲಿನ ಕಾನೂನು ಕೊಳ್ಳುವವರ ಪರ ಎಷ್ಟು ಗಟ್ಟಿಯಾಗಿದೆ ಎಂದು ನಮ್ಮ ಜೊತೆ ಕೆಲಸ ಮಾಡುವ ಕನ್ನಡದವರಲ್ಲೇ ಹೆಚ್ಚಿನವರಿಗೆ ಗೊತ್ತಿಲ್ಲ. ಅದಕ್ಕೇ ಎಲ್ಲ ನೆನಪಿರುವಾಗಲೇ ಬರೆಯುತ್ತಿದ್ದೇನೆ.

ನಾವಿರುವುದು ಸ್ಟಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರು. ವಾರದ ದಿನಗಳಲ್ಲಿ ಬಸ್ಸಿಗೆ ಕೊರತೆಯಿಲ್ಲ. ಭಾನುವಾರ ಮಾತ್ರ ಗಂಟೆಗೊಂದು, ಸಂಜೆ ಮೇಲೆ ಅದೂ ಇಲ್ಲ. ಮಗು ಹುಟ್ಟಿದ ಮೇಲೆ, ಚಳಿಯಲ್ಲಿ ತಳ್ಳುಗಾಡಿ ಹಿಡಿದು ಬಸ್ ನಿಲ್ದಾಣದಲ್ಲಿ ನಿಂತು ನಿಂತು ಸಾಕಾಯಿತು. ಹೊಸ ಕಾರಿಗೆ ದುಡ್ಡಿರಲಿಲ್ಲ.

ಕಾರಿಗಿಂತ ಮೊದಲು ಲೈಸೆನ್ಸ್ ವಿಷಯ ಹೇಳಿಬಿಡುತ್ತೇನೆ. ಇಲ್ಲಿ ವಾಸ ಶುರುವಾದ ಮೇಲೆ ಭಾರತದ ಲೈಸೆನ್ಸ್ 6 ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಜರ್ಮನ್ ಲೈಸೆನ್ಸ್ ಬೇಕು. ಅದಕ್ಕೆ ಥಿಯರಿ ಪರೀಕ್ಷೆ, ರಸ್ತೆ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಥಿಯರಿಯನ್ನು ಇಂಗ್ಲಿಷ್‌ನಲ್ಲಿ ಬರೆಯಬಹುದು. ಲೈಸೆನ್ಸ್ ಕೈಗೆ ಬರುವ ಮುಂಚೆ ಕಾರು ಕೊಂಡು ನಿಲ್ಲಿಸಿದರೆ ವಿಮೆ, ತೆರಿಗೆ ಎರಡೂ ಸುಮ್ನೆ ಓಡುತ್ತಿರುತ್ತವೆ.

ಕಾರುಗಳನ್ನು ಮೊಬೈಲ್.ಡಿಇ, ಆಟೋಸ್ಕೌಟ್24 ಎಂಬ ಎರಡು ವೆಬ್‌ಸೈಟ್‌ಗಳಲ್ಲೂ ಹುಡುಕಿದೆವು. ಖಾಸಗಿಯವರ ಬದಲು ಡೀಲರ್ ಬಳಿಯೇ ಕೊಳ್ಳಬೇಕೆಂದು ಮೊದಲೇ ತೀರ್ಮಾನ ಮಾಡಿದ್ದೆವು. ಖಾಸಗಿ ವ್ಯಕ್ತಿ ಮಾರುವಾಗ, ಮುಂದೆ ಕಾಣುವ ದೋಷಕ್ಕೆ ತಾನು ಜವಾಬ್ದಾರನಲ್ಲ ಎಂದು ಕರಾರಿನಲ್ಲಿ ಬರೆದು ಕೈ ತೊಳೆದುಕೊಳ್ಳಬಹುದು. ಡೀಲರ್ ಹಾಗೆ ಮಾಡುವಂತಿಲ್ಲ. ಮಾರುವ ದಿನವೇ ಗಾಡಿಯಲ್ಲಿದ್ದ ದೋಷಕ್ಕೆ ಅವನೇ ಹೊಣೆ. ಇದನ್ನು ಇಲ್ಲಿ ಗೆವೇರ್‌ಲೈಸ್ಟುಂಗ್ ಅನ್ನುತ್ತಾರೆ. ಸಾಮಾನ್ಯವಾಗಿ ಇದು 2 ವರ್ಷ. ಹಳೇ ಗಾಡಿಗೆ ಡೀಲರ್ ಅದನ್ನು 1 ವರ್ಷಕ್ಕೆ ಇಳಿಸಬಹುದು. ಆದರೆ ಕೊಳ್ಳುವ ಮುಂಚೆಯೇ ಅದನ್ನು ನಿಮಗೆ ಬೇರೆಯಾಗಿ ತಿಳಿಸಿ, ನಿಮ್ಮ ಒಪ್ಪಿಗೆಯನ್ನೂ ಬೇರೆಯಾಗಿ ಪಡೆದಿರಬೇಕು. ಕರಾರಿನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ತುರುಕಿದರೆ ನಡೆಯುವುದಿಲ್ಲ.

ಇದರಿಂದ ತಪ್ಪಿಸಿಕೊಳ್ಳಲು ಕೆಲವರು ದಾರಿ ಹುಡುಕುತ್ತಾರೆ. ನಾವು ನೋಡಿದ ಮೊದಲ ಕಾರಿನಲ್ಲೇ ಅದು ಎದುರಾಯಿತು. ಬೆಲೆ ಬೇರೆಯವಕ್ಕಿಂತ ಕಡಿಮೆ, ಬಣ್ಣ ಚೆನ್ನಾಗಿತ್ತು, ಗಂಡನಿಗೆ ಬಹಳ ಹಿಡಿಸಿತ್ತು. ಕರಾರು ಕೇಳಿದರೆ, ಮಾರುವವರ ಜಾಗದಲ್ಲಿ ಡೀಲರ್ ಹೆಸರೇ ಇಲ್ಲ! ಯಾರೋ ಖಾಸಗಿ ವ್ಯಕ್ತಿಯ ಹೆಸರಿತ್ತು. ಮೇಲೆ 'ಇಮ್ ಕುಂಡನ್‌ಆಫ್‌ಟ್ರಾಗ್' ಎಂದು ಬರೆದಿತ್ತು. ಅಂದರೆ ಗ್ರಾಹಕರ ಪರವಾಗಿ ಮಾರುತ್ತಿದ್ದೇವೆ ಎಂದು. ನಾವು ಎದ್ದು ಬಂದೆವು. ಇನ್ನೊಂದು ಕಡೆ ಒಳ್ಳೆಯ ಸ್ಥಿತಿಯಲ್ಲಿದ್ದ ಗಾಡಿಯ ಕರಾರಿನಲ್ಲಿ 'ಬಾಸ್ಟ್ಲರ್‌ಫಾರ್‌ತ್ಸೊಯ್ಗ್' ಎಂದಿತ್ತು. ರಿಪೇರಿ ಹವ್ಯಾಸದವರು ಬಿಚ್ಚಿ ಜೋಡಿಸಲು ಕೊಳ್ಳುವ ಗಾಡಿ ಎಂದು ಅರ್ಥ. ಓಡಿಸಲು ಯೋಗ್ಯ ಎಂದು ಜಾಹೀರಾತು ಕೊಟ್ಟು, ಪೂರ್ತಿ ಬೆಲೆ ಕೇಳಿ, ಕರಾರಿನಲ್ಲಿ ಹೀಗೆ ಬರೆಯುವವನ ಜೊತೆ ವ್ಯವಹಾರವೇ ಬೇಡ. ಅದಕ್ಕೆ ಜಾಹೀರಾತಿನ ಪುಟವನ್ನು ಮೊದಲೇ ಉಳಿಸಿಟ್ಟುಕೊಳ್ಳಿ. ಗಾಡಿ ಮಾರಾಟವಾದ ಕೂಡಲೇ ಅದು ಮಾಯವಾಗುತ್ತದೆ. ಅದರಲ್ಲಿ ಬರೆದದ್ದು ಮುಂದೆ ನಿಮ್ಮ ಪರ ಸಾಕ್ಷಿಯಾಗುತ್ತದೆ.

ಕೊನೆಗೆ ನಾವು ಒಪ್ಪಿದ್ದು 2017ರ ಪೆಟ್ರೋಲ್ ಕಾರು. 1.4 ಲೀಟರ್ ಎಂಜಿನ್, ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. 1,04,000 ಕಿ.ಮೀ. ಓಡಿತ್ತು. ಬೆಲೆ 11,900 ಹೇಳಿದ್ದರು, 11,500 ಯೂರೋಗೆ ಇಳಿಯಿತು. ಸರ್ವಿಸ್ ಪುಸ್ತಕ ಪೂರ್ತಿ ಇತ್ತು. ಹಳೆಯ ಟ್ಯೂಫ್ ವರದಿಗಳನ್ನೂ ಕೇಳಿ ನೋಡಿದೆವು. ಟ್ಯೂಫ್ ಅಂದರೆ ಇಲ್ಲಿ 2 ವರ್ಷಕ್ಕೊಮ್ಮೆ ಕಡ್ಡಾಯವಾಗಿ ಮಾಡಿಸುವ ತಪಾಸಣೆ. ಪ್ರತಿ ವರದಿಯಲ್ಲೂ ಆ ದಿನದ ಕಿ.ಮೀ. ಬರೆದಿರುತ್ತದೆ. ಮೀಟರ್ ಹಿಂದಕ್ಕೆ ತಿರುಗಿಸಿದ್ದಾರಾ ಎಂದು ಪತ್ತೆ ಮಾಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಟ್ಯೂಫ್ ಪಾಸಾದರೆ ಗಾಡಿ ಪೂರ್ತಿ ಸರಿ ಎಂದುಕೊಳ್ಳಬೇಡಿ. ಅವರು ನೋಡುವುದು ಬ್ರೇಕ್, ಲೈಟ್, ಟೈರ್, ಹೊಗೆ, ತುಕ್ಕು ಇಂಥದ್ದನ್ನು. ಗೇರ್‌ಬಾಕ್ಸ್ ಎಷ್ಟು ದಿನ ಬಾಳುತ್ತದೆ ಎಂದು ಅವರು ಹೇಳುವುದಿಲ್ಲ.

ಕರಾರಿನಲ್ಲಿ ಅಪಘಾತದ ಬಗ್ಗೆ "ಹಿಂದಿನ ಮಾಲೀಕರ ಪ್ರಕಾರ ಅಪಘಾತವಿಲ್ಲ" ಎಂದು ಬರೆದಿದ್ದರು. ಇದು ಡೀಲರ್ ಕೊಡುವ ಭರವಸೆ ಅಲ್ಲ. ಬೇರೆಯವರು ಹೇಳಿದ್ದನ್ನು ನಮಗೆ ದಾಟಿಸುವುದು ಅಷ್ಟೇ. ಆ ಸಾಲು ಬದಲಿಸಲು ಕೇಳಿದೆವು, ಅವರು ಜಗ್ಗಲಿಲ್ಲ. ನಮ್ಮ ಎದುರೇ ಬಣ್ಣದ ದಪ್ಪ ಅಳೆದು ತೋರಿಸಿದರು. ಎಲ್ಲ ಕಡೆ ಒಂದೇ ಸಮ ಇತ್ತು, ಅಂದರೆ ಡಿಕ್ಕಿಯಾಗಿ ಮತ್ತೆ ಬಣ್ಣ ಬಳಿದ ಗುರುತಿರಲಿಲ್ಲ. ಅಷ್ಟಕ್ಕೆ ಒಪ್ಪಿಕೊಂಡೆವು. 1 ವರ್ಷದ ಹೊಣೆಯ ಬಗ್ಗೆ ಬೇರೆ ಹಾಳೆ ಕೊಟ್ಟು ಸಹಿ ಮಾಡಿಸಿಕೊಂಡರು. 500 ಯೂರೋ ಮುಂಗಡ ಕೊಟ್ಟು ರಸೀದಿ ತೆಗೆದುಕೊಂಡು ಮನೆಗೆ ಬಂದೆವು.

ಇಲ್ಲಿಂದ ಕಾಯುವಿಕೆ ಶುರು.

ನಮ್ಮ ಕಡೆ ಗಾಡಿಗೆ ಒಂದು ಆರ್‌ಸಿ. ಇಲ್ಲಿ ಎರಡು ಕಾಗದ. ಒಂದು ಶೈನ್, ಗಾಡಿ ಓಡಿಸುವಾಗ ಜೊತೆಗಿರಬೇಕಾದದ್ದು. ಇನ್ನೊಂದು ಬ್ರೀಫ್, ಮನೆಯಲ್ಲಿ ಭದ್ರವಾಗಿ ಇಡಬೇಕಾದದ್ದು. ಗಾಡಿಯ ಮೇಲೆ ಸಾಲ ಇದ್ದರೆ ಬ್ರೀಫ್ ಬ್ಯಾಂಕಿನಲ್ಲೇ ಇರುತ್ತದೆ. ಎಷ್ಟೋ ಡೀಲರ್‌ಗಳು ತಮ್ಮ ಅಂಗಳದ ಗಾಡಿಗಳನ್ನೇ ಬ್ಯಾಂಕ್ ಸಾಲದಲ್ಲಿ ಕೊಂಡಿರುತ್ತಾರೆ. ನಮ್ಮ ಗಾಡಿಯೂ ಹಾಗೇ ಇತ್ತು. "ಮುಂದಿನ ವಾರ ಬರುತ್ತದೆ" ಅಂದರು. ಆ ವಾರ ಕಳೆಯಿತು. ಮತ್ತೆ ಮುಂದಿನ ವಾರ. ಆಮೇಲೆ ಫೋನ್ ಮಾಡಿ, "ನೀವು ಪೂರ್ತಿ ಹಣ ಕಳಿಸಿಬಿಡಿ, ಬ್ಯಾಂಕಿಗೆ ಕಟ್ಟಿ ಬ್ರೀಫ್ ಬಿಡಿಸಿಕೊಳ್ಳುತ್ತೇವೆ" ಅಂದರು.

ಆ ರಾತ್ರಿ ನಮ್ಮಿಬ್ಬರಿಗೂ ನಿದ್ದೆ ಬರಲಿಲ್ಲ. ಹಣ ಕಳಿಸಿ ಕಾಗದ ಬರದಿದ್ದರೆ ಏನು ಗತಿ? ಅಂಗಡಿ ಮುಚ್ಚಿಕೊಂಡು ಹೋದರೆ? ಬ್ರೀಫ್ ನೋಡದೆ ಗಾಡಿ ಕೊಂಡು, ಮುಂದೆ ಅದು ಬೇರೆಯವರ ಸ್ವತ್ತು ಎಂದಾದರೆ, ನನಗೆ ಗೊತ್ತಿರಲಿಲ್ಲ ಎಂಬ ಮಾತು ಸಾಮಾನ್ಯವಾಗಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಮರುದಿನ ಇಮೇಲ್ ಬರೆದೆ: ಬ್ರೀಫ್ ಮೇಜಿನ ಮೇಲೆ ಬಂದ ದಿನ, ನಿಮ್ಮ ಎದುರೇ ಕೂತು, ತಕ್ಷಣ ತಲುಪುವ ಬ್ಯಾಂಕ್ ವರ್ಗಾವಣೆಯಲ್ಲಿ ಹಣ ಕೊಡುತ್ತೇವೆ. ಅವರು ಗೊಣಗಿದರು, ಬೇರೆ ಗಿರಾಕಿ ಇದ್ದಾರೆ ಎಂದರು. ನಾವು ಅದೇ ಮಾತಿಗೆ ಅಂಟಿಕೊಂಡೆವು. ಕೊನೆಗೆ ಬ್ರೀಫ್ ಬಂತು. ಅದರಲ್ಲಿರುವ 17 ಅಕ್ಷರಗಳ ಚಾಸಿ ನಂಬರನ್ನು ಗಾಡಿಯ ಮೇಲಿನದರ ಜೊತೆ ಒಂದೊಂದಾಗಿ ಹೋಲಿಸಿ ನೋಡಿ, ಆಮೇಲೆ ಹಣ ಕಳಿಸಿದೆವು. ಒಂದು ವಿಷಯ: ಬ್ಯಾಂಕ್ ಆ್ಯಪ್‌ನಲ್ಲಿ ದಿನಕ್ಕೆ ಇಷ್ಟೇ ಕಳಿಸಬಹುದು ಎಂಬ ಮಿತಿ ಇರುತ್ತದೆ. ಅದನ್ನು ಹಿಂದಿನ ದಿನವೇ ಏರಿಸಿಟ್ಟುಕೊಳ್ಳಿ.

ಈ ಎಳೆದಾಟದಲ್ಲಿ ನಾವು ಮೊದಲು ಪಡೆದಿದ್ದ ನೋಂದಣಿ ಕಚೇರಿಯ ಅಪಾಯಿಂಟ್‌ಮೆಂಟ್ ಕೈತಪ್ಪಿ ಹೋಗಿತ್ತು. ಹೊಸದು ಸಿಗಲು ಮತ್ತೆ ಕಾಯಬೇಕಾಯಿತು. ಬೆಳಗ್ಗೆ ಬೇಗ ಆನ್‌ಲೈನ್‌ನಲ್ಲಿ ನೋಡುತ್ತಿದ್ದರೆ ಯಾರೋ ರದ್ದು ಮಾಡಿದ ಜಾಗ ಕಾಣಿಸುತ್ತದೆ. ನಮಗೆ ಸಿಕ್ಕಿದ್ದೂ ಹಾಗೇ.

ಕಚೇರಿಗೆ ಒಯ್ಯಬೇಕಾದದ್ದು: ಪಾಸ್‌ಪೋರ್ಟ್, ವಾಸದ ಪರವಾನಗಿ ಕಾರ್ಡು, ಬ್ರೀಫ್, ಶೈನ್, ಟ್ಯೂಫ್ ವರದಿ, ತೆರಿಗೆ ಕಡಿತಕ್ಕೆ ಬ್ಯಾಂಕ್ ಖಾತೆಯ ಒಪ್ಪಿಗೆ ಪತ್ರ, ಗಾಡಿಗೆ ವಿಮೆ ಇದೆ ಎಂದು ತೋರಿಸಲು ವಿಮಾ ಕಂಪನಿ ಕೊಡುವ ಇವಿಬಿ ನಂಬರ್. ಪಾಸ್‌ಪೋರ್ಟಿನಲ್ಲಿ ಇಲ್ಲಿನ ವಿಳಾಸ ಇರುವುದಿಲ್ಲ. ಆದ್ದರಿಂದ ಪುರಸಭೆ ಕೊಡುವ ವಿಳಾಸದ ದಾಖಲೆ, ಮೆಲ್ಡೆಬೆಶೈನಿಗುಂಗ್, ಕಡ್ಡಾಯ. ನಮ್ಮ ಮುಂದಿದ್ದ ಒಬ್ಬರನ್ನು ಅದಿಲ್ಲ ಎಂದು ವಾಪಸ್ ಕಳಿಸಿದರು. ಅವರ ಮುಖ ನೋಡಿ ಬಹಳ ಬೇಜಾರಾಯಿತು. ಅವರೂ ನಮ್ಮ ಹಾಗೇ ರಜೆ ಹಾಕಿ ಬಂದಿದ್ದರೋ ಏನೋ.

ಖರ್ಚಿನ ಲೆಕ್ಕ ಕೇಳುವವರಿಗೆ: ಕಚೇರಿಯ ಶುಲ್ಕ 30 ಯೂರೋ ಆಸುಪಾಸು. ಬೇಕಾದ ನಂಬರ್ ಆರಿಸಿಕೊಂಡರೆ ಅದಕ್ಕೆ 10.20 ಯೂರೋ ಜಾಸ್ತಿ. ಪ್ಲೇಟನ್ನು ಕಚೇರಿ ಕೊಡುವುದಿಲ್ಲ. ಪಕ್ಕದ ಅಂಗಡಿಯಲ್ಲಿ ಒತ್ತಿಸಿಕೊಂಡು ಬರಬೇಕು. ನಂಬರ್ ಮೊದಲೇ ಕಾದಿರಿಸಿದ್ದರೆ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ತರಿಸಿಕೊಳ್ಳಬಹುದು. ವಾರ್ಷಿಕ ತೆರಿಗೆ ಎಂಜಿನ್ ಗಾತ್ರ ಮತ್ತು ಇಂಗಾಲದ ಹೊಗೆಯ ಮೇಲೆ. ನಮ್ಮದಕ್ಕೆ ಪ್ರತಿ 100 ಸಿಸಿಗೆ 2 ಯೂರೋ ಲೆಕ್ಕದಲ್ಲಿ 28, ಕಿ.ಮೀ.ಗೆ 120 ಗ್ರಾಂ ಹೊಗೆಯಲ್ಲಿ 95 ಗ್ರಾಂ ಮೀರಿದ ಭಾಗಕ್ಕೆ 50, ಒಟ್ಟು 78 ಯೂರೋ. ಡೀಸೆಲ್ ಆಗಿದ್ದರೆ 100 ಸಿಸಿಗೆ 9.50. ದುಬಾರಿ ಬಿದ್ದದ್ದು ವಿಮೆ. ಊರಿನಲ್ಲಿ ಗಂಡ ಅಷ್ಟು ವರ್ಷ ಕ್ಲೇಮ್ ಇಲ್ಲದೆ ಗಾಡಿ ಓಡಿಸಿದ್ದಕ್ಕೆ ದಾಖಲೆ ಕೊಟ್ಟರೂ ನಮ್ಮ ವಿಮಾ ಕಂಪನಿ ಒಪ್ಪಲಿಲ್ಲ. ಹೊಸಬರ ದರವೇ ಬಿತ್ತು. ಮೊದಲ ವರ್ಷ 1,000 ಯೂರೋ ದಾಟಿತು. ಸ್ಟಟ್‌ಗಾರ್ಟ್ ಒಳಗೆ ಹೋಗಲು ಗಾಜಿಗೆ ಅಂಟಿಸುವ ಹಸಿರು ಸ್ಟಿಕ್ಕರ್ ಬೇರೆ ಬೇಕು.

ಪ್ಲೇಟ್ ತೆಗೆದುಕೊಂಡು ಹೋಗಿ ಗಾಡಿ ತಂದೆವು. ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಮೊದಲ ಸಲ ಮಕ್ಕಳ ಡಾಕ್ಟರ ಬಳಿ ಹೋದ ದಿನ ನನಗಾದ ನೆಮ್ಮದಿ ಅಷ್ಟಿಷ್ಟಲ್ಲ.

ಸುಮಾರು 3,000 ಕಿ.ಮೀ. ಓಡಿಸಿದ ಮೇಲೆ ಒಂದು ಶನಿವಾರ ಉಲ್ಮ್ ಕಡೆ ಹೊರಟಿದ್ದೆವು. ಎ8 ಹೆದ್ದಾರಿ ಶ್ವೇಬಿಷ್ ಆಲ್ಬ್ ಬೆಟ್ಟ ಹತ್ತುವ ಕಡೆ ಗಾಡಿ ಜಗ್ಗಿತು. ಮೀಟರ್ ಮೇಲೆ ಗೇರ್‌ನ ಚಿಹ್ನೆ ಮಿನುಗತೊಡಗಿತು. ಎಕ್ಸಲರೇಟರ್ ಒತ್ತಿದರೂ ವೇಗ ಏರಲಿಲ್ಲ. ಹಿಂದೆ ದೊಡ್ಡ ದೊಡ್ಡ ಲಾರಿಗಳು. ನನ್ನ ಎದೆ ಧಸಕ್ಕೆಂದಿತು. ಹೇಗೋ ಬದಿಗೆ ತಂದು, ಹಳದಿ ಜಾಕೆಟ್ ಹಾಕಿಕೊಂಡು, ತ್ರಿಕೋನ ಇಟ್ಟು, ಮಗುವನ್ನು ಎತ್ತಿಕೊಂಡು ಕಬ್ಬಿಣದ ತಡೆಯ ಆಚೆ ಹೋಗಿ ನಿಂತೆವು. ಹೆದ್ದಾರಿಯಲ್ಲಿ ಗಾಡಿ ನಿಂತರೆ ಒಳಗೆ ಕೂರಬಾರದು, ಇದನ್ನು ನೆನಪಿಡಿ. ದಾರಿಯಲ್ಲಿ ಗಾಡಿ ಕೆಟ್ಟರೆ ನೆರವಿಗೆ ಬರುವ ಎಡಿಎಸಿ ಎಂಬ ಸಂಘದ ಸದಸ್ಯರಾಗಿದ್ದರಿಂದ ಅವರ ಗಾಡಿ ಬಂದು ಹತ್ತಿರದ ವರ್ಕ್‌ಶಾಪಿಗೆ ಎಳೆದುಕೊಂಡು ಹೋಯಿತು. ಅಲ್ಲಿ ಕಂಪ್ಯೂಟರ್ ಹಾಕಿ ನೋಡಿ, ಗೇರ್‌ಬಾಕ್ಸ್ ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕ ಹೋಗಿದೆ ಎಂದರು. ಅಂದಾಜು 2,100 ಯೂರೋ. ಅದರಲ್ಲಿ 1,500 ಭಾಗಕ್ಕೆ, 600 ಕೆಲಸಕ್ಕೆ.

ಸೋಮವಾರ ಡೀಲರ್‌ಗೆ ಫೋನ್ ಮಾಡಿದೆವು. "ನಿಮಗೆ ಗ್ಯಾರಂಟಿ ಪಾಲಿಸಿ ಕೊಟ್ಟಿದ್ದೇವಲ್ಲ, ಆ ಕಂಪನಿಗೆ ಮಾತಾಡಿ" ಎಂದರು. ಆ ಪಾಲಿಸಿ ತೆಗೆದು ಓದಿದೆ. 1 ಲಕ್ಷ ಕಿ.ಮೀ. ದಾಟಿದ ಗಾಡಿಗೆ ಕೆಲಸದ ಕೂಲಿ ಪೂರ್ತಿ, ಭಾಗದ ಬೆಲೆಯಲ್ಲಿ 40 ಶೇಕಡಾ ಮಾತ್ರ. ಅಂದರೆ 900 ಯೂರೋ ನಮ್ಮ ತಲೆಯ ಮೇಲೆ.

ಜನ ಮೋಸ ಹೋಗುವುದು ಇಲ್ಲೇ. ಗ್ಯಾರಂಟಿ ಪಾಲಿಸಿ ಹೆಚ್ಚುವರಿ ಸೌಲಭ್ಯ. ಅದರಲ್ಲಿ ಎಷ್ಟು ಕೊಡಬೇಕೆಂದು ಆ ಕಂಪನಿಯೇ ಬರೆದುಕೊಳ್ಳುತ್ತದೆ. ಡೀಲರ್‌ನ ಕಾನೂನು ಹೊಣೆ ಅದರಿಂದ ಒಂದಿಷ್ಟೂ ಕಡಿಮೆ ಆಗುವುದಿಲ್ಲ. ಆ ಹೊಣೆಯಡಿ ಭಾಗ, ಕೂಲಿ, ಸಾಗಣೆ ಎಲ್ಲ ಅವನ ಖರ್ಚು. ಗಾಡಿ ಕೊಂಡ 1 ವರ್ಷದೊಳಗೆ ದೋಷ ಕಂಡರೆ, ಅದು ಮೊದಲೇ ಇತ್ತು ಎಂದೇ ಕಾನೂನು ನಂಬುತ್ತದೆ. ಇಲ್ಲ ಎಂದು ಸಾಬೀತು ಮಾಡಬೇಕಾದವನು ಡೀಲರ್. 2022ಕ್ಕೆ ಮುಂಚೆ ಇದು 6 ತಿಂಗಳಷ್ಟೇ ಇತ್ತು. 2022ರ ಜನವರಿ 1ರಿಂದ ಆದ ಖರೀದಿಗಳಿಗೆ 1 ವರ್ಷ. ಹಳೇ ಲೇಖನ ಓದಿ 6 ತಿಂಗಳು ದಾಟಿತು ಎಂದು ಕೈಬಿಡಬೇಡಿ. "ನೋಡಿದಂತೆ ಕೊಂಡಿದ್ದು" ಎಂದು ಕರಾರಿನಲ್ಲಿ ಬರೆದಿದ್ದರೂ ಹೆದರಬೇಡಿ. ಡೀಲರ್ ಮತ್ತು ಸಾಮಾನ್ಯ ಗ್ರಾಹಕರ ನಡುವೆ ಆ ಸಾಲಿಗೆ ಬಲವಿಲ್ಲ. ಬ್ರೇಕ್ ಪ್ಯಾಡ್, ಟೈರ್, ಬ್ಯಾಟರಿ ಹೀಗೆ ಓಡಿದಷ್ಟೂ ಸವೆಯುವ ವಸ್ತುಗಳಿಗೆ ಮಾತ್ರ ಇದು ಹೊಂದುವುದಿಲ್ಲ.

ಆ ವರ್ಕ್‌ಶಾಪಿನವರು ಎರಡೇ ದಿನದಲ್ಲಿ ಮಾಡಿಕೊಡುತ್ತೇವೆ ಎಂದಿದ್ದರು. ನಮಗೂ ಸಾಕಾಗಿತ್ತು. ಮಾಡಿಸಿ, ಬಿಲ್ ಡೀಲರ್‌ಗೆ ಕಳಿಸೋಣ ಎಂದು ಗಂಡ ಹೇಳಿದರು. ಇಲ್ಲಿ ಹತ್ತಾರು ವರ್ಷದಿಂದ ಇರುವ, ಮಂಡ್ಯ ಕಡೆಯ ಒಬ್ಬ ಅಣ್ಣ ನಮ್ಮನ್ನು ತಡೆದರು. "ಬೇಡಮ್ಮ, ಮುಟ್ಟಿಸಬೇಡಿ. ರಿಪೇರಿ ಮಾಡುವ ಅವಕಾಶ ಮೊದಲು ಅವನಿಗೇ ಕೊಡಬೇಕು. ಇಲ್ಲಾಂದ್ರೆ ದುಡ್ಡೂ ಹೋಯ್ತು, ಹಕ್ಕೂ ಹೋಯ್ತು" ಎಂದರು. ಅವರ ಆ ಒಂದು ಮಾತಿಗೆ ನಾವು ಯಾವತ್ತೂ ಋಣಿ. ಡೀಲರ್‌ಗೆ ಹೇಳದೆ ಬೇರೆ ಕಡೆ ರಿಪೇರಿ ಮಾಡಿಸಿದರೆ ಆ ಖರ್ಚು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಹಾಗಾಗಿ ಫೋನ್ ಬಿಟ್ಟು ಪತ್ರ ಬರೆದೆವು. ರಿಜಿಸ್ಟರ್ಡ್ ಪೋಸ್ಟ್, ಜೊತೆಗೆ ಅದೇ ಇಮೇಲ್‌ನಲ್ಲೂ. ಖರೀದಿ ದಿನಾಂಕ, ಚಾಸಿ ನಂಬರ್, ಎಷ್ಟು ಕಿ.ಮೀ.ನಲ್ಲಿ ಏನಾಯಿತು, ವರ್ಕ್‌ಶಾಪಿನ ತಪಾಸಣೆ ವರದಿ. ಜರ್ಮನ್ ನಾಗರಿಕ ಸಂಹಿತೆಯ 437 ಮತ್ತು 439ನೇ ಕಲಮಿನಡಿ ಉಚಿತವಾಗಿ ಸರಿಪಡಿಸಿಕೊಡಿ, 477ನೇ ಕಲಮಿನ ಪ್ರಕಾರ ಸಾಬೀತು ಮಾಡುವ ಹೊರೆ ನಿಮ್ಮದು ಎಂದು ಬರೆದೆವು. 14 ದಿನದ ಗಡುವು ಕೊಟ್ಟು, ತಾರೀಕನ್ನೇ ನಮೂದಿಸಿದೆವು.

ಉತ್ತರ ಬರಲಿಲ್ಲ. ಗಡುವು ಹತ್ತಿರ ಬಂದಾಗ ಹಾರಿಕೆಯ ಇಮೇಲ್ ಬಂತು: ಇದು ಸವೆತ, ನಿಮ್ಮ ಓಡಿಸುವ ರೀತಿ ಸರಿಯಿಲ್ಲ. ಓದಿ ಅಳು ಬಂತು. ಪರದೇಶದವರು, ಭಾಷೆ ಅಷ್ಟು ಬರುವುದಿಲ್ಲ ಎಂದು ಹೀಗೆ ಸಾಗಹಾಕುತ್ತಿದ್ದಾರೆ ಅನ್ನಿಸಿತು. ಫೆರ್‌ಬ್ರೌಖರ್‌ತ್ಸೆಂಟ್ರಾಲೆ ಎಂಬ ಗ್ರಾಹಕ ಸಲಹಾ ಸಂಸ್ಥೆ ಪ್ರತಿ ರಾಜ್ಯದಲ್ಲೂ ಇದೆ. ಸ್ವಲ್ಪ ಶುಲ್ಕ ತೆಗೆದುಕೊಂಡು ಕಾನೂನು ಸಲಹೆ ಕೊಡುತ್ತಾರೆ. ಅಲ್ಲಿಗೆ ಹೋದೆವು. ಅಲ್ಲಿದ್ದ ವಕೀಲೆ ಕಾಗದಗಳನ್ನೆಲ್ಲ ತಾಳ್ಮೆಯಿಂದ ನೋಡಿ, ಮೆಕಾಟ್ರಾನಿಕ್ ಸವೆಯುವ ಭಾಗವಲ್ಲ, ಹಾಗೆ ಎರಡನೇ ಪತ್ರ ಬರೆಯಿರಿ ಎಂದರು. ಡೀಲರ್ ಕಾರ್ ರಿಪೇರಿದಾರರ ಸಂಘ, ಅಂದರೆ ಇನ್ನುಂಗ್‌ನ ಸದಸ್ಯನಾಗಿದ್ದರೆ, ಅವರ ಮಧ್ಯಸ್ಥಿಕೆ ಮಂಡಳಿಗೆ ಗ್ರಾಹಕರು ಉಚಿತವಾಗಿ ದೂರು ಕೊಡಬಹುದು ಎಂಬುದೂ ಅಲ್ಲೇ ಗೊತ್ತಾಯಿತು. ವಕೀಲರ, ಕೋರ್ಟಿನ ಖರ್ಚು ಭರಿಸುವ ಕಾನೂನು ವಿಮೆ ಮಾಡಿಸೋಣವೇ ಎಂದು ಕೇಳಿದೆ. ಈಗಾಗಲೇ ಶುರುವಾದ ಜಗಳಕ್ಕೆ ಅದು ಬರುವುದಿಲ್ಲವಂತೆ. ಮಾಡಿಸಿದ ಮೇಲೂ ಸಾಮಾನ್ಯವಾಗಿ 3 ತಿಂಗಳು ಕಾಯಬೇಕು. ಕಾರು ಹುಡುಕುತ್ತಿರುವವರು ಇವತ್ತೇ ಅದನ್ನು ಯೋಚಿಸಿ.

ಎರಡನೇ ಪತ್ರದಲ್ಲಿ, ಸರಿಪಡಿಸದಿದ್ದರೆ ಖರೀದಿ ರದ್ದು ಮಾಡಿ ಗಾಡಿ ವಾಪಸ್ ಕೊಡುತ್ತೇವೆ ಎಂದು ಬರೆದೆವು, ಲೆಕ್ಕವನ್ನೂ ಹಾಕಿದೆವು. ವಾಪಸ್ ಕೊಡುವಾಗ ನಾವು ಓಡಿಸಿದ್ದಕ್ಕೆ ಒಂದಿಷ್ಟು ಕಳೆಯುತ್ತಾರೆ. ಬೆಲೆಯನ್ನು ಓಡಿಸಿದ ಕಿ.ಮೀ.ಯಿಂದ ಗುಣಿಸಿ, ಕೊಳ್ಳುವಾಗ ಗಾಡಿಗೆ ಉಳಿದಿದ್ದ ಆಯುಸ್ಸಿನ ಕಿ.ಮೀ.ಯಿಂದ ಭಾಗಿಸಬೇಕು. ಒಟ್ಟು ಆಯುಸ್ಸು 2,50,000 ಎಂದಿಟ್ಟುಕೊಂಡರೆ ನಮಗೆ ಉಳಿದಿದ್ದು 1,46,000. ಕಳೆಯಬೇಕಾದದ್ದು ಸುಮಾರು 236 ಯೂರೋ ಮಾತ್ರ. ಬಾಕಿ ಹಣ ಅವರು ವಾಪಸ್ ಕೊಡಬೇಕು. ಈ ಪತ್ರ ತಲುಪಿದ ಎರಡು ದಿನಕ್ಕೆ ಫೋನ್ ಬಂತು. "ಗಾಡಿ ಕಳಿಸಿ, ನೋಡುತ್ತೇವೆ" ಎಂದರು, ಅದೂ ಬಹಳ ಮರ್ಯಾದೆಯಿಂದ.

ಗಾಡಿಯನ್ನು ಅವರ ಊರಿಗೆ ಎಳೆಸಿಕೊಂಡು ಹೋಗಲು 240 ಯೂರೋ ಆಯಿತು. ಸದ್ಯಕ್ಕೆ ನಾವೇ ಕೊಟ್ಟು ರಸೀದಿ ಇಟ್ಟುಕೊಂಡೆವು. ಕೈಯಲ್ಲಿ ದುಡ್ಡಿಲ್ಲದಿದ್ದರೆ ಅದನ್ನು ಡೀಲರ್‌ನಿಂದ ಮುಂಚಿತವಾಗಿಯೇ ಕೇಳುವ ಹಕ್ಕು ಕೂಡ ಇದೆ. ಭಾಗ ಬರಲು ತಡವಾಯಿತು. ಅಲ್ಲಿಯವರೆಗೆ ಬದಲಿ ಕಾರು ಕೇಳಿದೆವು, ಕೊಡಲಿಲ್ಲ. ಅದನ್ನು ಕೊಡಲೇಬೇಕು ಎಂಬ ನೇರ ನಿಯಮ ಇಲ್ಲ. ಮತ್ತೆ ತಳ್ಳುಗಾಡಿ, ಮತ್ತೆ ಬಸ್ಸು.

ಮೊದಲ ರಿಪೇರಿ ಆಗಿ ಗಾಡಿ ಬಂದ ವಾರದಲ್ಲೇ ಎರಡನೇ ಗೇರ್‌ನಲ್ಲಿ ಮತ್ತೆ ಜಗ್ಗತೊಡಗಿತು. ಮೊಬೈಲಿನಲ್ಲಿ ವಿಡಿಯೋ ಮಾಡಿ ಅದೇ ದಿನ ಇಮೇಲ್ ಕಳಿಸಿದೆ. ಸಾಮಾನ್ಯವಾಗಿ ಎರಡು ಸಲ ಸರಿಪಡಿಸಿಯೂ ಆಗದಿದ್ದರೆ ಖರೀದಿ ರದ್ದು ಮಾಡಬಹುದು. ಇದು ಡೀಲರ್‌ಗೂ ಚೆನ್ನಾಗಿ ಗೊತ್ತಿತ್ತು. ಈ ಸಲ ಗಾಡಿಯನ್ನು ಅವರೇ ಬಂದು ಒಯ್ದರು. ಕ್ಲಚ್ ಹೊಂದಾಣಿಕೆ ಸರಿಯಾಗಿ ಮಾಡಿ, ಸಾಫ್ಟ್‌ವೇರ್ ಹೊಸದು ಹಾಕಿ ಕೊಟ್ಟರು. ಏನೇನು ಬದಲಿಸಿದರು ಎಂದು ಭಾಗದ ನಂಬರ್ ಸಮೇತ ಬರೆಸಿಕೊಂಡೆವು. ಆಮೇಲೆ ಅದೇ ಬೆಟ್ಟದ ದಾರಿಯಲ್ಲಿ ಹೋಗಿ ಬಂದೆವು, ಎಲ್ಲ ಸರಿಯಿದೆ.

ಟೋಯಿಂಗ್‌ನ 240 ಯೂರೋ ಕೊಡಲು ಮೊದಲು ಒಪ್ಪಲಿಲ್ಲ. 439ನೇ ಕಲಮಿನಲ್ಲಿ ಸಾಗಣೆ ಖರ್ಚೂ ಮಾರಿದವರದ್ದೇ ಎಂದಿದೆ. ಆ ಸಾಲನ್ನು ಬರೆದು ರಸೀದಿಯ ಪ್ರತಿ ಕಳಿಸಿದೆವು. ಹಣ ಖಾತೆಗೆ ಬಂತು. ಸಲಹೆಗೆ ಕೊಟ್ಟ ಶುಲ್ಕ ಮತ್ತು ಹಾಕಿದ ರಜೆಗಳು ಮಾತ್ರ ನಮ್ಮ ಲೆಕ್ಕಕ್ಕೆ ಹೋದವು.

ಯಾರಾದರೂ ಈಗ ಇದೇ ಸ್ಥಿತಿಯಲ್ಲಿದ್ದರೆ ಕೇಳಿ. ನಮ್ಮ ಎರಡೂ ಪತ್ರಗಳ ಜರ್ಮನ್ ಪ್ರತಿ ಇದೆ. ಹೆಸರು, ವಿಳಾಸ ತೆಗೆದು ಕಳಿಸುತ್ತೇನೆ. ನಿಮ್ಮ ಗಾಡಿಯ ವಿವರ, ತಾರೀಕು ಹಾಕಿಕೊಂಡರೆ ಸಾಕು.